ಉಗುರಿನ ಗುರುತು

"ಇದೂ ಒಂದು ಮರವೇನ್ಲಾ? ನೋಡಿಲ್ಲಿ!" ಅಂದವನೇ ಖಲೀಲುಲ್ಲಾ, ತಮ್ಮ ಇಸ್ರಾರ್ ಮಾಡಿಟ್ಟಿದ್ದ ತೊಟ್ಟಿಲಿನ ಅಂಚಿಗೆ ಹೆಬ್ಬೆರಳಿನ ಉಗುರು ಊರಿದ. ಬಿಳಿ ಪೈನ್ ಹಲಗೆಯಲ್ಲಿ ಗುಂಡಿ ಬಿತ್ತು.

ಖಲೀಲುಲ್ಲಾನ ಮಗಳು ಆಫ್ರೀನ್ ಚೊಚ್ಚಲ ಹೆರಿಗೆಗೆ ಶಿರಾಕ್ಕೆ ಬಂದಿದ್ದಳು. ತವರಿನ ತೊಟ್ಟಿಲು ತನ್ನದೇ ಆಗಬೇಕೆಂದು ಖಲೀಲುಲ್ಲಾ ಮೂರು ತಿಂಗಳು ಕೂತು ಹೊನ್ನೆ ಮರದಲ್ಲಿ ಒಂದನ್ನು ಕೆತ್ತಿದ್ದ. ನಿನ್ನೆ ಅದನ್ನು ತೂಗಲು ಹೋಗಿ, ಅದರ ಭಾರಕ್ಕೆ ಅವಳು ಸೊಂಟ ಹಿಡಿದುಕೊಂಡು ಕೂತುಬಿಟ್ಟಳು. ಇವತ್ತು ಚಾಚಾ ಇಸ್ರಾರ್‌ನ ಅಂಗಡಿಯಲ್ಲಿ ಅವನ ತೊಟ್ಟಿಲನ್ನು ಒಂದೇ ಬೆರಳಲ್ಲಿ ತೂಗಿದಳು. ಆ ಬೆರಳು ನೋಡಿಯೇ ಖಲೀಲುಲ್ಲಾ ಉಗುರು ಊರಿದ್ದು.

ಪಾವಗಡದ ಸೋಲಾರ್ ಪಾರ್ಕಿಗೆ ಪ್ಯಾನೆಲ್ ತುಂಬಿ ಬಂದ ಪೆಟ್ಟಿಗೆಗಳ ಮರ ಆ ಪೈನ್. ಇಸ್ರಾರ್ ಮೊಳೆ ಕಿತ್ತು, ಕೀಸಿ, ಮಂಚ ಕುರ್ಚಿ ಮಾಡುತ್ತಿದ್ದ. ಮಧುಗಿರಿಯಿಂದಲೂ ಗಿರಾಕಿ ಬರುತ್ತಿದ್ದರು. ತೇಗ, ಹೊನ್ನೆ ಬಿಟ್ಟು ಬೇರೆ ಮುಟ್ಟದ ಅಣ್ಣನ ಉಳಿಗಳಿಗೆ ತುಕ್ಕು ಹಿಡಿಯುತ್ತಿತ್ತು.

"ಗೆದ್ದಲಿಗೆ ಹೋಳಿಗೆ ಇದು. ಮೈತುಂಬಾ ಗಂಟು ಬೇರೆ."

"ಕಣ್ಣು ಬಿಟ್ಟಂಗವೆ ಅಬ್ಬಾ, ಚೆಂದಾಗವೆ," ಎಂದಳು ಆಫ್ರೀನ್ ಅಪ್ಪನಿಗೆ.

"ಹಲ್ಲು ಬಂದ ಕೂಸು ಕಚ್ಚಿದ್ರೆ ಗುರ್ತು ಬೀಳ್ತದೆ ಕಣಮ್ಮ!"

"ಬೀಳ್ಲಿ ಬುಡಿ. ದೊಡ್ಡದಾದ್ಮೇಲೆ ತೋರಿಸಿ ನಗ್ತೀನಿ."

ಇಸ್ರಾರ್ ಒದ್ದೆ ಬಟ್ಟೆ ಹಿಂಡಿ ಗುಂಡಿಯ ಮೇಲೆ ಹಾಸಿ, ಕಾದ ಇಸ್ತ್ರಿಪೆಟ್ಟಿಗೆ ಒತ್ತಿದ. ಬುಸ್ಸೆಂದು ಆವಿ ಎದ್ದಿತು. ಬಟ್ಟೆ ತೆಗೆದರೆ ಗುರುತೇ ಇಲ್ಲ.

"ಮೆತ್ತನೆ ಮರ, ಭಾಯಿಜಾನ್. ನೀರು ಕುಡಿದ್ರೆ ಉಬ್ಬಿ ಮೊದಲಿನಂಗಾಗ್ತದೆ."

ಖಲೀಲುಲ್ಲಾನ ಹೊನ್ನೆ ತೊಟ್ಟಿಲಲ್ಲಿ ಉಳಿ ಜಾರಿ ಬಿದ್ದ ಗೆರೆಯೊಂದಿತ್ತು. ಎಷ್ಟು ಉಜ್ಜಿದರೂ ಹೋಗದೆ, ಅದರ ಮೇಲೊಂದು ಹೂವು ಕೆತ್ತಿ ಮುಚ್ಚಿದ್ದ. ಹೂವು ಚೆನ್ನಾಗಿದೆ ಎಂದು ಆಫ್ರೀನ್ ಹೊಗಳಿದ್ದಳು.

"ತಗೊಂಡೋಗು, ನನಗೇನು!" ಎಂದು ಮಗಳಿಗೆ ಹೇಳಿ, ಚಪ್ಪಲಿ ಮೆಟ್ಟಿ ಹೊರಟ.

ಮಧ್ಯಾಹ್ನ ಮನೆಯಲ್ಲಿ ಊಟಕ್ಕೆ ಕೂತಾಗ ಆಟೋ ಬಂದು, ತೊಟ್ಟಿಲು ಒಳಗೆ ಹೋದ ಸದ್ದಾಯಿತು. ಅವನು ತಲೆ ಎತ್ತಲಿಲ್ಲ. ತುತ್ತು ಬಾಯಿಗೆ ತಂದರೆ ಪೈನ್ ಅಂಟಿನ ಘಮ. ಎರಡು ಸಲ ಸೋಪು ಹಾಕಿ ಕೈ ತೊಳೆದಿದ್ದ. ಉಗುರ ಸಂದಿಯಲ್ಲಿ ಹಾಗೇ ಉಳಿದಿತ್ತು.

"ಯಾಕ್ರೀ, ಅನ್ನ ಹಳಸೈತಾ?" ಅಂದಳು ಹೆಂಡತಿ ಅಖ್ತರ್ ಬೇಗಂ.

"ಇಲ್ಲ."

ಒಳಕೋಣೆಯಲ್ಲಿ ಆಫ್ರೀನ್ ಖಾಲಿ ತೊಟ್ಟಿಲನ್ನು ತೂಗುತ್ತಿದ್ದಳು. ಒಂದಿಷ್ಟೂ ಕಿರುಗುಟ್ಟಲಿಲ್ಲ. ಅಖ್ತರ್ ಸಾರು ತರಲು ಎದ್ದು ಹೋದಳು. ಖಲೀಲುಲ್ಲಾ ಹೆಬ್ಬೆರಳನ್ನು ಮತ್ತೊಮ್ಮೆ ಮೂಗಿನ ಹತ್ತಿರ ಹಿಡಿದ.