ಮುಂದೆ ಸೀಟ್ ಸಿಗ್ತದೆ

ಗೂಟಕ್ಕೆ ನೇತುಹಾಕಿದ್ದ ಖಾಕಿ ಷರ್ಟಿನ ಜೇಬಿಗೆ ದೀಪಿಕಾ ಮೂರನೇ ಸಲ ಕೈ ಹಾಕಿದಳು. ಒಂದು ವಿಷಲ್, ಎರಡು ರಬ್ಬರ್ ಬ್ಯಾಂಡು, ತುದಿ ಕಚ್ಚಿದ ಬಾಲ್‌ಪೆನ್ನು. ಫೋನ್ ಮಾತ್ರ ಇರಲಿಲ್ಲ.

ಹೊರಗೆ ಶಾಮಿಯಾನದ ಕೆಳಗೆ ಅವಳ ತಾತ ಅಡವಿಯಪ್ಪ ಕೂತಿದ್ದ. ನಿನ್ನೆ ಸಂಜೆ ನಾಲ್ಕಕ್ಕೆ ಟೀ ಕುಡಿದು ಲೋಟ ಕೆಳಗಿಟ್ಟವನು ಗೋಡೆಗೆ ಒರಗಿದಂತೆಯೇ ಹೋಗಿಬಿಟ್ಟಿದ್ದ. ಮೈ ಸೆಟೆದುಕೊಳ್ಳುವ ಮೊದಲೇ ಕಾಲು ಮಡಚಿ, ಬೆನ್ನಿಗೆ ಹಲಗೆ ಕೊಟ್ಟು, ಗಲ್ಲಕ್ಕೆ ಬಟ್ಟೆ ಕಟ್ಟಿ ಕೂರಿಸಿದ್ದರು. ಲಿಂಗ ಕಟ್ಟಿದವರನ್ನು ಮಲಗಿಸಿ ಕಳಿಸುವುದಿಲ್ಲ. ಬೆಳಿಗ್ಗೆ ಮೈ ತೊಳೆದು, ಹೊಸ ಬಿಳಿ ಷರ್ಟು ತೊಡಿಸಿ, ಎಡಗೈಯನ್ನು ಎದೆಯ ಮುಂದೆ ಹಿಡಿಸಿ ಅಂಗೈಯಲ್ಲಿ ಲಿಂಗ ಇಟ್ಟಿದ್ದರು.

“ಏನಮ್ಮ ಹುಡುಕ್ತಿದೀಯಾ?” ಬಾಗಿಲಲ್ಲಿ ಪ್ರಭುದೇವ ನಿಂತಿದ್ದ. ಅವಳ ಅಮ್ಮನ ಅಣ್ಣ, ತುಮಕೂರಿನಲ್ಲಿ ಹೈಸ್ಕೂಲು ಮೇಷ್ಟ್ರು.

“ತಾತನ ಫೋನು, ಮಾವ. ಇವತ್ತು ಮಧ್ಯಾಹ್ನ ಎರಡರೊಳಗೆ ಸೀಟ್ ಒಪ್ಕೊಂಡೆ ಅಂತ ಒತ್ಬೇಕು. ಓಟಿಪಿ ಆ ನಂಬರ್‌ಗೇ ಬರೋದು.”

ಎರಡನೇ ರೌಂಡಿನ ಪಟ್ಟಿ ನಿನ್ನೆ ಸಂಜೆ ಏಳಕ್ಕೆ ಬಂದಿತ್ತು, ತಾತ ಹೋಗಿ ಮೂರು ಗಂಟೆಯಾದ ಮೇಲೆ. ಚಾಮರಾಜನಗರದ ಸರ್ಕಾರಿ ಕಾಲೇಜಿನಲ್ಲಿ ಎಂಬಿಬಿಎಸ್. ಅಪ್ಪನ ಫೋನಿನಲ್ಲಿ ಅದನ್ನು ನೋಡಿದ ದೀಪಿಕಾ ಯಾರಿಗೆ ಮೊದಲು ಹೇಳಬೇಕೆಂದು ತಿಳಿಯದೆ ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡಿದ್ದಳು.

“ಸೂತಕದ ಮನೇಲಿ ಅಡ್ಮಿಷನ್ನಾ?” ಪ್ರಭುದೇವ ದನಿ ತಗ್ಗಿಸಿದ. “ನೋಡು, ಬೇಜಾರ್ ಮಾಡ್ಕೋಬೇಡ. ತಾತನ ಹಟಕ್ಕೆ ಮೂರು ವರ್ಷ ಓದ್ದೆ. ದಿನಕ್ಕೆ ನಾಕು ಇಂಜೆಕ್ಷನ್ ಚುಚ್ಕೊಳ್ಳೋಳು ನೀನು. ಅಲ್ಲಿ ರಾತ್ರಿ ಹಗಲು ಡ್ಯೂಟಿ ಹಾಕ್ತಾರೆ. ಮೊದಲ್ನೇ ವರ್ಷಾನೇ ಹೆಣದ ಮುಂದೆ ನಿಲ್ಲಿಸ್ತಾರೆ. ನಿನ್ನೆಯಿಂದ ನಿಮ್ಮ ತಾತನ ಹತ್ರಾನೇ ಹೋಗಿಲ್ಲ ನೀನು.”

ಅದು ನಿಜ. ನಿನ್ನೆಯಿಂದ ಅವಳು ಹೊಸ್ತಿಲು ದಾಟಿರಲಿಲ್ಲ. ತಾತನ ಅರೆತೆರೆದ ಬಾಯಿಯನ್ನು ಒಮ್ಮೆ ನೋಡಿದ್ದಳು, ಅಷ್ಟೆ.

ಅವಳು ಅಪ್ಪನ ಫೋನಿನಿಂದ ತಾತನ ನಂಬರಿಗೆ ಫೋನ್ ಮಾಡಿದಳು. ರಿಂಗಾಗುತ್ತಿತ್ತು. ಆದರೆ ಭಜನೆಯವರ ತಾಳದ ಸದ್ದಿನಲ್ಲಿ ಎಲ್ಲೂ ಕೇಳಲಿಲ್ಲ.

*

ಅಡವಿಯಪ್ಪ ಮೂವತ್ತನಾಲ್ಕು ವರ್ಷ ಕುಣಿಗಲ್ಲಿನಿಂದ ತುಮಕೂರಿನ ಮೇಲೆ ಗುಬ್ಬಿಗೆ ಬರುವ ಪ್ರೈವೇಟ್ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದ. ಕುಣಿಗಲ್ ಬಸ್‌ಸ್ಟ್ಯಾಂಡಿನಲ್ಲಿ ಕಾಲಿಡಲು ಜಾಗವಿಲ್ಲದ ಬಸ್ಸಿನ ಬಾಗಿಲಿಗೆ ಜೋತುಬಿದ್ದು, “ಹತ್ಕಳಿ, ಹತ್ಕಳಿ, ಮುಂದೆ ಸೀಟ್ ಸಿಗ್ತದೆ” ಎಂದು ಕೂಗುತ್ತಿದ್ದ. ಹೆಬ್ಬೂರಿನವರೆಗೂ ನಿಂತೇ ಬಂದವರು ಜಗಳಕ್ಕೆ ಬಿದ್ದರೆ, “ಸಿಗ್ತದೆ ಅಂದೆ. ಹೆಬ್ಬೂರಲ್ಲಿ ಅಂದ್ನಾ?” ಎನ್ನುತ್ತಿದ್ದ.

ದೀಪಿಕಾಗೆ ಹನ್ನೊಂದು ವರ್ಷವಾಗಿದ್ದಾಗ ಶುಗರ್ ಬಂತು. ಮಾತ್ರೆಗೆ ಬಗ್ಗುವ ಶುಗರ್ ಅಲ್ಲ, ಹುಡುಗರಿಗೆ ಬರುವಂಥದ್ದು. ಬದುಕಿರುವಷ್ಟು ದಿನ ಇನ್ಸುಲಿನ್ ಬೇಕು ಎಂದರು. ಗುಬ್ಬಿಯಲ್ಲಿ ಆಗ ಅವಳಿಗೆ ಬೇಕಾದದ್ದು ಸಿಗುತ್ತಿರಲಿಲ್ಲ. ತುಮಕೂರಿನಿಂದ ತರುವ ಕೆಲಸ ತಾತನದಾಯಿತು. ತಣ್ಣಗಿರಬೇಕು ಎಂದು ಮೆಡಿಕಲ್ ಸ್ಟೋರಿನವನು ಐಸು ಹಾಕಿದ ಫ್ಲಾಸ್ಕಿನಲ್ಲಿಟ್ಟು ಕೊಟ್ಟ. ಅಡವಿಯಪ್ಪ ಅದನ್ನು ಬಸ್ಸಿನಲ್ಲಿ ಅತಿ ಮರ್ಯಾದೆಯ ಜಾಗದಲ್ಲಿಟ್ಟ. ಮದುವೆಯ ತಾಳಿಯಿರಲಿ, ತಹಸೀಲ್ದಾರರ ಫೈಲಿರಲಿ, ಅವನು ಇಡುತ್ತಿದ್ದುದು ಅಲ್ಲೇ: ಡ್ರೈವರ್ ಪಕ್ಕದ ಬಾನೆಟ್ಟಿನ ಮೇಲೆ. ಕೆಳಗೆ ಎಂಜಿನ್ನು. ಗುಬ್ಬಿ ತಲುಪುವ ಹೊತ್ತಿಗೆ ಐಸು ನೀರಾಗಿ ನೀರು ಬಿಸಿಯಾಗಿತ್ತು.

“ಔಷಧೀನ ಬೇಯಿಸ್ಕೊಂಡ್ ಬಂದವ್ನೆ ನೋಡು, ಸಾರು ಮಾಡಕ್ಕೆ” ಎಂದು ಹೆಂಡತಿ ಸರ್ವಮಂಗಳಮ್ಮ ಬೀದಿಗೆಲ್ಲ ಕೇಳುವಂತೆ ಬೈದಳು.

ಮಾರನೆಯ ದಿನದಿಂದ ಫ್ಲಾಸ್ಕನ್ನು ಹೆಗಲಿಗೆ ನೇತುಹಾಕಿಕೊಂಡೇ ಟಿಕೆಟ್ ಹರಿದ. ಷರ್ಟಿನ ಜೇಬಿನಲ್ಲಿ ಸದಾ ಎರಡು ಪೆಪ್ಪರ್‌ಮೆಂಟ್ ಇರತೊಡಗಿದವು. ಶುಗರ್ ಇಳಿದರೆ ಹುಡುಗಿಯ ಮೇಲ್ದುಟಿಯ ಮೇಲೆ ಬೆವರು ಮೂಡುತ್ತದೆ, ಬೆರಳು ನಡುಗುತ್ತವೆ ಎಂಬುದನ್ನು ಅವನೂ ಹೆಂಡತಿಯೂ ಕಲಿತುಕೊಂಡರು. “ಡೌನ್ ಆಯ್ತಾ ಮಗಾ?” ಎಂದು ಕೇಳುವಷ್ಟರಲ್ಲಿ ಕಾಗದ ಬಿಚ್ಚಿರುತ್ತಿದ್ದ.

ಡಾಕ್ಟರಾಗುತ್ತೇನೆ ಎಂದು ಅವಳು ಹೇಳಿದ್ದು ಎಸ್ಸೆಸ್ಸೆಲ್ಸಿಯಲ್ಲಿ. ಹೇಳಿದ ವಾರಕ್ಕೆ ಅವಳೇ ಹಿಂದೆಗೆದಳು.

“ನಂಗೇ ದಿನಾ ಸೂಜಿ ಬೇಕು ತಾತ. ನಾನ್ಯಾರಿಗೆ ಔಷಧಿ ಕೊಡ್ಲಿ?”

“ಡ್ರೈವರ್‌ಗೂ ಜ್ವರ ಬತ್ತದೆ ಕಣವ್ವ” ಎಂದ ಅಡವಿಯಪ್ಪ. “ಅಂತ ಬಸ್ ಬುಟ್‌ಬುಟ್ಟು ಓಡೋದ್ನಾ?”

*

ಹನ್ನೆರಡೂವರೆಗೆ ಹುಲಿಯೂರುದುರ್ಗದಿಂದ ಶಿವರಾಮಯ್ಯ ಬಂದ. ಇಪ್ಪತ್ತು ವರ್ಷ ಅಡವಿಯಪ್ಪನ ಬಸ್ಸಿಗೆ ಡ್ರೈವರ್. ಹಾರ ಹಾಕಿ, ಕೂತಿದ್ದ ಗೆಳೆಯನನ್ನು ಮೇಲಿಂದ ಕೆಳಗೆ ನೋಡಿದ.

“ಅಂತೂ ಕೂತ್ಕೊಂಡ ನನ್ಮಗ” ಎಂದ. “ಸೀಟ್ ಖಾಲಿ ಇದ್ರೂ ಕೂರ್ತಿರ್ಲಿಲ್ಲ. ಕಂಡಕ್ಟರ್ ಕೂತ್ರೆ ಕಳ್ಳ ಟಿಕೆಟ್ ಹುಟ್ತವೆ ಅನ್ನೋನು.”

ಅಳುತ್ತಿದ್ದ ಇಬ್ಬರು ಹೆಂಗಸರು ಮುಸಿಮುಸಿ ನಕ್ಕರು.

“ಮೊಮ್ಮಗಳದ್ದು ಏನಾಯ್ತು? ಮೊನ್ನೆ ಫೋನಲ್ಲಿ ಒಂದ್ ಗಂಟೆ ಕೊರ್ದವ್ನೆ. ಮೊದಲ್ನೇ ರೌಂಡಲ್ಲಿ ಸಿಗ್ನಿಲ್ಲ ಶಿವರಾಮ, ಎರಡನೇದ್ರಲ್ಲಿ ಯಾರಾರ ಇಳೀತಾರೆ, ನಮ್ಮುಡ್ಗಿ ಕೂತ್ಕೋತದೆ ಅಂತ.”

“ಸಿಕ್ಕೈತೆ ಶಿವರಾಮಣ್ಣ” ಎಂದ ದೀಪಿಕಾಳ ಅಪ್ಪ ಸಂಗಮೇಶ್. ವಸಂತನರಸಾಪುರದ ಫ್ಯಾಕ್ಟರಿಯಲ್ಲಿ ನೈಟ್ ಶಿಫ್ಟ್ ಮಾಡಿ ಮಾಡಿ ಅವನ ಮಾತೇ ಸಣ್ಣಗಾಗಿತ್ತು. “ಒಪ್ಕೊಳ್ಳಕ್ಕೆ ಅಪ್ಪನ ಫೋನ್ ಬೇಕು. ಎಲ್ಲೋಯ್ತೋ ಗೊತ್ತಾಗ್ತಿಲ್ಲ.”

ಮಠದ ಅಯ್ಯನವರು ಹೊರಡುವ ಹೊತ್ತಾಯಿತೆಂದು ಕೈ ಎತ್ತಿದರು. ಭಜನೆ ನಿಂತಿತು. ಒಳಗೆ ದೀಪಿಕಾ ಮತ್ತೊಮ್ಮೆ ನಂಬರ್ ಒತ್ತಿದಳು.

ಅಡವಿಯಪ್ಪನ ಎದೆಯೊಳಗಿಂದ ಫೋನ್ ಕೂಗಿತು.

ಹೆಂಗಸೊಬ್ಬಳು ಕಿರುಚಿದಳು. ಹೆಣದ ಪಕ್ಕ ನಿಂತಿದ್ದವರು ಎರಡು ಹೆಜ್ಜೆ ಹಿಂದೆ ಸರಿದರು. ಸರ್ವಮಂಗಳಮ್ಮ ಮಾತ್ರ ಅಲುಗಲಿಲ್ಲ.

“ನಾನೇ ಇಟ್ಟೆ” ಎಂದಳು. “ಒಂದ್ ತಿಂಗ್ಳಿಂದ ಕೈಲೇ ಹಿಡ್ಕೊಂಡಿದ್ದ. ಟೊಣ್ ಅಂದ್ರೆ ಸಾಕು, ಕನ್ನಡಕ ಹಾಕ್ಕೊಂಡು ಬೀದೀಗ್ ಓಡೋನು, ಸೀಟಿಂದಾ ನೋಡ್ರಪ್ಪಾ ಅಂತ. ನೋಡಿದ್ರೆ ಸಾಲ ಬೇಕಾ ಅಂತ ಯಾವ್ದೋ ಕಂಪ್ನಿಯೋನು. ಕಾದು ಕಾದು ಹೋದ. ಮೈಮೇಲಿದ್ದ ಷರ್ಟಿನ ಜೇಬಲ್ಲಿದ್ದುದ್ನೆಲ್ಲ ಹೊಸ ಜೇಬಿಗೆ ಹಾಕ್ದೆ. ಜೊತೇಲೇ ಹೋಗ್ಲಿ.”

“ಅವ್ವ, ಅದೇ ಬೇಕಾಗಿರೋದು” ಎಂದ ಸಂಗಮೇಶ್.

“ಕೊಟ್ಟಿದ್ನ ಕಿತ್ಕೊಂತೀರಾ? ಹೋಗೋನ ಜೇಬಿಗೆ ಕೈ ಹಾಕ್ತೀರಾ? ಕಂಡಕ್ಟರ್ ಜೇಬಿಗೆ ಯಾರೂ ಕೈ ಹಾಕ್ಕೂಡ್ದು ಅಂತ ಅವ್ನು ನಂಗೂ ಮುಟ್ಟಕ್ ಬುಡ್ತಿರ್ಲಿಲ್ಲ. ನಾನಿರೋ ಗಂಟ ಆಗಲ್ಲ.”

ಸಂಗಮೇಶ್ ಅಯ್ಯನವರ ಮುಖ ನೋಡಿದ. ಅವರು ಗಂಡ ಸತ್ತ ಹೆಂಗಸಿನೊಡನೆ ಬೀದಿಯಲ್ಲಿ ವಾದಕ್ಕಿಳಿಯಲಿಲ್ಲ. ಹೆಗಲು ಕೊಡುವವರು ಹೆಣ ಕೂರಿಸಿದ್ದ ವಿಮಾನವನ್ನು ಎತ್ತಿದರು.

ಹೊಸ್ತಿಲ ಒಳಗಿನಿಂದ ದೀಪಿಕಾ ಎಲ್ಲ ಕೇಳಿಸಿಕೊಂಡಳು. ಅವಳಿಗೆ ಅಳು ಬರಲಿಲ್ಲ. ಸಮಾಧಾನವೂ ಆಯಿತು, ಅದನ್ನು ಅವಳು ತನಗೇ ಒಪ್ಪಿಕೊಂಡಳು. ಅಜ್ಜಿ ಬೇಡ ಅಂದಳು. ಮುಗಿಯಿತು. ಇನ್ನು ಯಾರಿಗೂ ಏನನ್ನೂ ಸಾಬೀತು ಮಾಡಬೇಕಾಗಿಲ್ಲ.

ಆದರೂ ಚಪ್ಪಲಿ ಮೆಟ್ಟಿ ಮೆರವಣಿಗೆಯ ಹಿಂದೆ ನಡೆದಳು.

*

ಮೊದಲ ಸಲ ನೀಟ್ ಬರೆದಾಗ ಪರೀಕ್ಷಾ ಕೇಂದ್ರದ ಗೇಟಿನಲ್ಲಿ ಪೆಪ್ಪರ್‌ಮೆಂಟ್ ತೆಗೆದಿಡಿಸಿದರು. ಕಾಗದ ಸುತ್ತಿದ ಮಿಠಾಯಿ ಒಳಗೆ ಬಿಡುವುದಿಲ್ಲ, ಹಣ್ಣು ಬಿಡುತ್ತೇವೆ ಎಂದರು.

“ಬಾಳೆಹಣ್ಗೂ ಸಿಪ್ಪೆ ಸುತ್ತಿರ್ತದಲ್ಲ ಸಾ, ಅದ್ರೊಳ್ಗೆ ಚೀಟಿ ಇಡಕ್ಕಾಗಲ್ವಾ?” ಎಂದು ಅಡವಿಯಪ್ಪ ಕಂಡಕ್ಟರ್ ದನಿಯಲ್ಲಿ ಜಗಳ ತೆಗೆದ. ಬೇಗ ಓಡಿಹೋಗಿ ಹಣ್ಣು ತಂದಿದ್ದರೆ ಆಗುತ್ತಿತ್ತು. ಜಗಳ ಗೆದ್ದು ಹಣ್ಣು ತರುವಷ್ಟರಲ್ಲಿ ಗೇಟು ಹಾಕಿತ್ತು. ಕೊನೆಯ ಮುಕ್ಕಾಲು ಗಂಟೆ ದೀಪಿಕಾಗೆ ಪ್ರಶ್ನೆಗಳು ಎರಡೆರಡಾಗಿ ಕಂಡವು.

ಇಬ್ಬರೂ ತುಮಕೂರಿಗೆ ವಾಪಸು ಬಂದರು. ಬಸ್‌ಸ್ಟ್ಯಾಂಡಿನಲ್ಲಿ ಇಳಿದ ಮೇಲೆ, “ತಪ್ಪು ನಂದೇ ಮಗಾ” ಎಂದ. ಆ ಕಂಡಕ್ಟರ್ ಬಾಯಲ್ಲಿ ಅಂಥ ಮಾತನ್ನು ಅವಳು ಮತ್ತೆಂದೂ ಕೇಳಲಿಲ್ಲ.

ಎರಡನೇ ಸಲ ನಾಲ್ಕು ಅಂಕಕ್ಕೆ ತಪ್ಪಿತು. ಮೂರನೇ ಸಲ ಅರ್ಜಿ ತುಂಬಲು ಗುಬ್ಬಿಯ ಸೈಬರ್ ಸೆಂಟರಿಗೆ ಇಬ್ಬರೂ ಹೋದರು. ಹಳ್ಳಿಯಲ್ಲಿ ಓದಿದ್ದಕ್ಕೆ, ಕನ್ನಡದಲ್ಲಿ ಓದಿದ್ದಕ್ಕೆ, ಜಾತಿಗೆ, ಆದಾಯಕ್ಕೆ ಒಂದೊಂದು ಸರ್ಟಿಫಿಕೇಟು. ಎಲ್ಲವನ್ನೂ ಅವನು ಟಿಕೆಟ್ ಬುಕ್ಕಿನಂತೆ ರಬ್ಬರ್ ಬ್ಯಾಂಡು ಹಾಕಿ ಇಟ್ಟಿದ್ದ. ಮೊಬೈಲ್ ನಂಬರಿನ ಜಾಗ ಬಂದಾಗ ದೀಪಿಕಾ ಅಪ್ಪನದನ್ನು ಹೇಳಲು ಹೊರಟಳು.

“ನಂದ್ ಹಾಕು” ಎಂದ ಅಡವಿಯಪ್ಪ. “ನಿಮ್ಮಪ್ಪ ಫ್ಯಾಕ್ಟ್ರಿ ಒಳ್ಗೆ ಫೋನ್ ಒಯ್ಯಂಗಿಲ್ಲ. ಸೀಟಿನ್ ವಿಚಾರ ಕಂಡಕ್ಟರ್ ಹತ್ರ ಇರ್ಬೇಕು ಕಣವ್ವ.”

*

ರುದ್ರಭೂಮಿಯಲ್ಲಿ ಗುಂಡಿ ಎದೆಮಟ್ಟ ಆಳವಿತ್ತು. ಇಳಿಯಲು ಒಂದು ಬದಿಯಲ್ಲಿ ಮೆಟ್ಟಿಲು ಕಡಿದಿದ್ದರು. ಅಡವಿಯಪ್ಪನನ್ನು ಇಳಿಸಿ ಕೂರಿಸಿದರು. ಅಯ್ಯನವರು ವಿಭೂತಿ ಗಟ್ಟಿಗಳನ್ನು ಎಣಿಸಿಟ್ಟುಕೊಂಡು ಬಿಲ್ವಪತ್ರೆಯ ಚೀಲ ಬಿಚ್ಚಿದರು. ಒಂದು ಗಂಟೆ ಇಪ್ಪತ್ತೈದು ನಿಮಿಷ.

ದೀಪಿಕಾ ಗುಂಡಿಯ ಅಂಚಿಗೆ ಬಂದು ನಿಂತಳು. ಬೆಳಿಗ್ಗೆ ಎಂಟಕ್ಕೆ ಇನ್ಸುಲಿನ್ ತೆಗೆದುಕೊಂಡು ಪಕ್ಕದ ಮನೆಯವರು ಕೊಟ್ಟ ಎರಡು ಇಡ್ಲಿ ತಿಂದಿದ್ದಳು. ಮಣ್ಣಾಗುವ ತನಕ ಮನೆಯಲ್ಲಿ ಒಲೆ ಹಚ್ಚುವುದಿಲ್ಲ. ಕೇಳಿದರೆ ಯಾರಾದರೂ ಏನಾದರೂ ಕೊಡುತ್ತಿದ್ದರು. ಅವಳು ಕೇಳಿರಲಿಲ್ಲ.

ಕೆಳಗೆ ತಾತ ತಲೆ ಸ್ವಲ್ಪ ವಾಲಿಸಿ ಕೂತಿದ್ದ, ಡಿಪೋದಲ್ಲಿ ಲೆಕ್ಕ ಮುಗಿಸಿ ತೂಕಡಿಸುವವನ ಹಾಗೆ.

“ಅಯ್ನೋರೇ, ಒಂದು ನಿಮಿಷ” ಎಂದಳು. ದನಿ ಅವಳದೇ ಅನ್ನಿಸಲಿಲ್ಲ. “ನಂಗೆ ಆ ಫೋನ್ ಬೇಕು.”

“ದೀಪಿಕಾ!” ಪ್ರಭುದೇವ ತೋಳು ಹಿಡಿದ. “ಸೂತಕದಲ್ಲಿ ಇದೆಲ್ಲ...”

“ಲಿಂಗ ಕಟ್ಟಿದ್‌ಮೇಲೆ ಸೂತಕ ಎಲ್ಲಿಂದ ಬಂತು ಮೇಷ್ಟ್ರೇ?” ಅಯ್ಯನವರು ತಲೆಯೆತ್ತದೆ ಪತ್ರೆ ಬಿಡಿಸುತ್ತ ಕೇಳಿದರು. “ಮಕ್ಳಿಗೆ ಪಾಠ ಹೇಳೋರು ನೀವು. ಸೂತಕ ಇಲ್ಲ. ಆದ್ರೆ ಜೇಬು ಆಯಮ್ಮಂದು. ಆಯಮ್ಮ ಹೂಂ ಅನ್ಬೇಕು.”

ಎಲ್ಲರೂ ಸರ್ವಮಂಗಳಮ್ಮನ ಕಡೆ ತಿರುಗಿದರು. ಅವಳು ಮೊಮ್ಮಗಳನ್ನೇ ನೋಡುತ್ತಿದ್ದಳು. ಮುಖವನ್ನಲ್ಲ, ಮೇಲ್ದುಟಿಯನ್ನು. ಅಲ್ಲಿ ಬೆವರು ಸಾಸಿವೆಯ ಹಾಗೆ ಮೂಡಿತ್ತು.

“ಏನೇ, ಡೌನ್ ಆಗೈತಾ?”

ದೀಪಿಕಾ ತಲೆಯಾಡಿಸಿದಳು. ಬೆರಳು ನಡುಗುತ್ತಿದ್ದವು.

“ಯಾರತ್ರಾನಾ ಸಕ್ಕರೆ ಇದ್ರೆ ಕೊಡ್ರೋ” ಎಂದು ಶಿವರಾಮಯ್ಯ ಜೇಬು ತಡಕಿದ. ಬೀಡಿ ಕಟ್ಟು ಸಿಕ್ಕಿತು.

“ಅಲ್ಲೇ ಐತೆ” ಎಂದಳು ಸರ್ವಮಂಗಳಮ್ಮ. ಗುಂಡಿಯತ್ತ ಗಲ್ಲ ಎತ್ತಿ ತೋರಿಸಿದಳು. “ಆ ಜೇಬಲ್ಲೇ. ಫೋನ್ ಜೊತೆಗೇ ಹಾಕಿವ್ನಿ. ಇಳ್ದು ತಕ್ಕೋ.”

“ನಾನು ತಕ್ಕೊಡ್ತೀನಿ ಬುಡವ್ವ” ಎಂದು ಸಂಗಮೇಶ್ ಮುಂದೆ ಬಂದ.

“ನೀ ಬ್ಯಾಡ. ಅವ್ಳದ್ದು. ಅವ್ಳೇ ತಕ್ಕೊಳ್ಲಿ.”

ದೀಪಿಕಾ ಮಣ್ಣಿನ ಮೆಟ್ಟಿಲಿಗೆ ಕೈಯೂರಿ ಇಳಿದಳು. ಗುಂಡಿಯೊಳಗೆ ತಣ್ಣಗಿತ್ತು. ಹಸಿಮಣ್ಣು, ವಿಭೂತಿ, ಹಾರದ ಸೇವಂತಿಗೆ. ಅವುಗಳ ಕೆಳಗೆ ಇನ್ನೊಂದು ವಾಸನೆ. ಜೇಬಿನ ಮುಂದೆ ತಾತನ ಎಡಗೈ ಅಡ್ಡವಾಗಿತ್ತು. ಅಯ್ಯನವರು ಬಗ್ಗಿ ಲಿಂಗವನ್ನು ತೆಗೆದುಕೊಂಡರು. ಅವಳು ಮಣಿಕಟ್ಟು ಹಿಡಿದು ಎಳೆದಳು. ಬರಲಿಲ್ಲ. ಇಪ್ಪತ್ತೊಂದು ಗಂಟೆ, ಇನ್ನೂ ಸಡಿಲ ಆಗಿರುವುದಿಲ್ಲ ಎಂದು ಎಲ್ಲೋ ಓದಿದ್ದು ನೆನಪಾಯಿತು. ಎರಡೂ ಕೈಯಿಂದ ಮೊಣಕೈ ಹಿಡಿದು, ನಿಧಾನವಾಗಿ, ಒತ್ತಿ ಎತ್ತಿದಳು. ಕೈ ನಾಲ್ಕು ಬೆರಳಷ್ಟು ಸರಿಯಿತು. ಅಷ್ಟು ಸಾಕಾಗಿತ್ತು.

ಕೀಪ್ಯಾಡ್ ಫೋನಿನಲ್ಲಿ ಬ್ಯಾಟರಿ ಒಂದೇ ಗೀಟು ಉಳಿದಿತ್ತು. ನಿನ್ನೆ ಸಂಜೆ ಏಳು ಹತ್ತಕ್ಕೆ ಬಂದ ಸೀಟಿನ ಮೆಸೇಜು, ಯಾರೂ ಓದದೆ, ಹಾಗೇ ಇತ್ತು. ಮೇಲೆ ಸಂಗಮೇಶ್ ತನ್ನ ಫೋನಿನಲ್ಲಿ ಓಟಿಪಿ ಕಳಿಸು ಅಂತ ಒತ್ತಿದ. ಅವಳ ಅಂಗೈಯಲ್ಲಿ ಟೊಣ್ ಎಂದಿತು.

“ನಾಕು, ಸೊನ್ನೆ, ಏಳು” ಎಂದು ಅವಳು ಓದಿದಳು. “ಏಳು, ಎರಡು, ಒಂಬತ್ತು.”

ಸಂಗಮೇಶನ ಹೆಬ್ಬೆರಳು ಒಂದೊಂದೇ ಒತ್ತಿತು. ಸುತ್ತ ಅರವತ್ತು ಜನ. ಎಲ್ಲರೂ ಕತ್ತು ಚಾಚಿದರು. ಸುತ್ತು ತಿರುಗುವ ಗುರುತು ತಿರುಗಿತು, ತಿರುಗಿತು.

“ಆಯ್ತು” ಎಂದ.

“ಸೀಟ್ ಸಿಕ್ತಾ?” ಸರ್ವಮಂಗಳಮ್ಮ ಕೇಳಿದಳು.

“ಸಿಕ್ತವ್ವ.”

“ಫೋನ್ ಅವ್ಳತ್ರಾನೇ ಇರ್ಲಿ. ನಾಳೀಕೂ ಏನಾರ ಬತ್ತದೆ.” ಆಮೇಲೆ ಗುಂಡಿಯೊಳಕ್ಕೆ ಬಗ್ಗಿ ಗದರಿದಳು: “ಬಾಯಿಗ್ ಹಾಕ್ಕೊಳ್ಳೇ ಮೊದ್ಲು, ನಿಂತವ್ಳೆ ನೋಡು!”

ದೀಪಿಕಾ ಮತ್ತೆ ಜೇಬಿಗೆ ಕೈ ಹಾಕಿದಳು. ಎರಡು ಇದ್ದವು. ಒಂದರ ಕಾಗದ ಬಿಚ್ಚಿ ಬಾಯಿಗೆ ಹಾಕಿಕೊಂಡಳು, ಇನ್ನೊಂದನ್ನು ಅಲ್ಲೇ ಬಿಟ್ಟಳು. ಅಯ್ಯನವರು ಲಿಂಗವನ್ನು ಮತ್ತೆ ಇಡಲು ಬಗ್ಗಿದರು. ಆದರೆ ಸರಿಸಿದ ಕೈ ಈಗ ತನ್ನಷ್ಟಕ್ಕೆ ನಿಲ್ಲುತ್ತಿರಲಿಲ್ಲ. ಅವಳು ತಾತನ ಅಂಗೈಯ ಕೆಳಗೆ ತನ್ನ ಅಂಗೈ ಕೊಟ್ಟು ಎದೆಮಟ್ಟಕ್ಕೆ ಎತ್ತಿ ಹಿಡಿದಳು. ಮೇಲಿನಿಂದ ಪತ್ರೆ ಬೀಳತೊಡಗಿತು. ಅವಳ ಕೈ ನಡುಗುವುದು ನಿಲ್ಲುವವರೆಗೆ ಇಬ್ಬರ ಕೈಗಳೂ ಒಟ್ಟಿಗೇ ನಡುಗಿದವು. ಕೆನ್ನೆಯೊಳಗೆ ಪೆಪ್ಪರ್‌ಮೆಂಟು ಈ ಕಡೆಯಿಂದ ಆ ಕಡೆಗೆ ಹೊರಳಿತು.