ರೆಪ್ಪೆ ಕೂಲಿ

ತೆಲುಗು ನಾಡಿನ ಲಿಂಗಂಪಲ್ಲಿಯಲ್ಲಿ ರೇಷನ್ ಅಂಗಡಿ ಇಟ್ಟ ಕನ್ನಡದವ ಬಂಡೆಮ್ಮನನ್ನು ಕಂಡು ಎದ್ದು ನಿಂತು ಕೈ ಮುಗಿದ. ಎಂದೂ ಇಲ್ಲದ ಮರ್ಯಾದೆ ಇವತ್ತೇಕೆ?

"ಅಮ್ಮಾರ, ನಿಮ್ಮ ಕಾರ್ಡು ಬಂದ್ ಆಗೈತಿ. ನೀವು ಭಾಳ ಶ್ರೀಮಂತರಂತ. ಇನ್‌ಕಮ್ ಟ್ಯಾಕ್ಸ್ ಕಟ್ಟೀರಂತ."

ಬಂಡೆಮ್ಮ ಹಿಂದೆ ಯಾರಾದರೂ ನಿಂತಿದ್ದಾರೇನೋ ಎಂದು ತಿರುಗಿ ನೋಡಿದಳು. ಒಂದು ನಾಯಿ ಮಲಗಿತ್ತು.

"ಯಣ್ಣಾ, ತಗಡಿನ ಜೋಪಡ್ಯಾಗ ಇರಾಕಿ ನಾ. ಮಕ್ಕಳು ಮುಂಜಾನಿಂದ ಬರೇ ಚಾ ಕುಡದಾವ. ಅಕ್ಕಿ ಹಾಕು."

"ಆಫೀಸಿಗೆ ಫೋನ್ ಹಚ್ಚಿ ಕೇಳೀನ್ರಿ. ಆನ್‌ಲೈನ್ ಪೋಕರ್‌ದಾಗ ಗೆದ್ದೀರಂತ. ನನಗೂ ಒಂದೀಟು ಕಲಿಸ್ರಿ."

ಸುರಪುರದ ಕಡೆಯಿಂದ ಕೂಲಿಗೆ ಬಂದ ಹೆಣ್ಣುಮಗಳು. ಇಸ್ಪೀಟಿನಲ್ಲಿ ರಾಜ ಯಾರು, ಗುಲಾಮ ಯಾರು ಎಂಬುದೂ ತಿಳಿಯದವಳು. ಗಂಡ ಹುಲಗೇಶನ ಜತೆ ಐಟಿ ಕಂಪನಿಗಳ ಟವರುಗಳಿಗೆ ಕಾಂಕ್ರೀಟ್ ಹೊತ್ತು ಬೆರಳಿನ ಗೆರೆಗಳನ್ನೇ ಕಳಕೊಂಡಿದ್ದಳು. ಸಿಮೆಂಟು ತಿಂದು ಹಾಕಿತ್ತು. ರೇಷನ್ ಮಷಿನ್ನಿಗೆ ಹೆಬ್ಬೆಟ್ಟು ಹತ್ತದೆ ಕಣ್ಣು ತೋರಿಸಿ ಅಕ್ಕಿ ತರುತ್ತಿದ್ದಳು. ಹಾಗಾಗಿ ಕಣ್ಣು ತೋರಿಸುವುದೆಂದರೆ ಸರಕಾರದ ಕೆಲಸ ಎಂದು ಆಕೆಯ ತಲೆಯಲ್ಲಿ ಕೂತುಬಿಟ್ಟಿತ್ತು. ಪಾಪ, ಆಕೆ ಕೆಟ್ಟದ್ದೇ ಅಲ್ಲಿ.

ಕೆಲವು ತಿಂಗಳ ಹಿಂದೆ ಕೂಲಿಯವರ ಅಡ್ಡಾಕ್ಕೆ ಆಳು ಹುಡುಕುತ್ತ ದತ್ತಾತ್ರೇಯ ಎಂಬವ ಬಂದಾಗ ಆಕೆ ಬುಟ್ಟಿಯ ಮೇಲೆ ಕೂತಿದ್ದಳು. ಭಾಲ್ಕಿಯವ. ಇಸ್ತ್ರಿ ಅಂಗಿ, ಬಾಯಿ ತುಂಬ "ಅಕ್ಕಾ".

"ಅಕ್ಕಾ, ಬಿಸಲಿಲ್ಲ, ಬುಟ್ಟಿ ಇಲ್ಲ. ಫ್ಯಾನಿನ ಕೆಳಗ ಕುಂತು ಕಣ್ಣು ಮಿಟುಕಿಸೋದು. ಅಷ್ಟ."

"ಕಣ್ಣು ಮಿಟುಕಿಸಾಕ ಯಾರರ ಕೂಲಿ ಕೊಡ್ತಾರೇನ ಯಪ್ಪಾ?"

"ಇದು ಸಾಫ್ಟ್‌ವೇರ್ ಅಕ್ಕಾ. ಇಲ್ಲಿ ಎಲ್ಲಾದಕ್ಕೂ ಕೊಡ್ತಾರ."

ನಾಚಾರಂನಲ್ಲಿ ಒಂದು ಶೆಡ್ಡು. ಮುಂಚೆ ಅಲ್ಲಿ ಬಿಸ್ಕೀಟು ಮಾಡುತ್ತಿದ್ದರು. ಗೋಡೆಗೆ ಇನ್ನೂ ಆ ವಾಸನೆ. ಆರು ಹೆಣ್ಣುಮಕ್ಕಳು, ಊರು ಕೇಳಿದರೆ ಸುಳ್ಳು ಹೇಳುವಂತೆ ದತ್ತಾತ್ರೇಯ ತಿದ್ದಿಟ್ಟ ಆರು ಫೋನು. ಇಸ್ಪೀಟು ಆಡುವುದು ಮೂಲೆಯಲ್ಲಿದ್ದ ಕಂಪ್ಯೂಟರು. ಆದರೆ ಆಟದ ಆ್ಯಪ್ಪಿಗೆ ಅನುಮಾನ ಜಾಸ್ತಿ. ಆಗಾಗ ಶುದ್ಧ ಕನ್ನಡದಲ್ಲಿ ಕೇಳುತ್ತಿತ್ತು: "ದಯವಿಟ್ಟು ಕಣ್ಣು ಮಿಟುಕಿಸಿ. ನೀವು ಮನುಷ್ಯರೆಂದು ದೃಢಪಡಿಸಿ." ಬಂಡೆಮ್ಮ ಮಿಟುಕಿಸುತ್ತಿದ್ದಳು. ಕಂಪ್ಯೂಟರು ಮನುಷ್ಯನಾಗುತ್ತಿತ್ತು. ಎಂಥಾ ಕಾಲ ಬಂತು ನೋಡ್ರಿ!

ಒಂದು ಟೇಬಲ್ಲಿಗೆ ಏಳು ಜನ. ಆರು ಈ ಹೆಣ್ಣುಮಕ್ಕಳ ಹೆಸರು, ಏಳನೆಯವ ಹೊರಗಿನವ. ಆರು ಕೈಯ ಎಲೆಗಳೂ ಆ ಒಂದೇ ಕಂಪ್ಯೂಟರಿಗೆ ಕಾಣುತ್ತಿದ್ದವು. ಏಳನೆಯವನಿಗೆ ದತ್ತಾತ್ರೇಯ ಬಕರಾ ಎನ್ನುತ್ತಿದ್ದ. ಬಕರಾ ಮಾತ್ರ ತನ್ನ ಹಣೆಬರಹವೇ ಸರಿ ಇಲ್ಲವೆಂದು ಬೈದುಕೊಂಡು ಮತ್ತೆ ಆಡುತ್ತಿದ್ದ. ಗೆದ್ದ ಹಣ ಹೆಣ್ಣುಮಕ್ಕಳ ಹೆಸರಿನ ಖಾತೆಗೆ, ಅದರ ಟ್ಯಾಕ್ಸೂ ಅವರ ಹೆಸರಿಗೇ. ಖಾತೆಯ ಕಾರ್ಡುಗಳು ದತ್ತಾತ್ರೇಯನ ಜೇಬಿಗೆ. ಅವರ ಕೈಗೆ ಪುಡಿಗಾಸಿನ ಕೂಲಿ.

"ನಿಮ್ಮ ಮಂದಿ ಫೋನಿಗೂ ಈ ಆಟ ಹಾಕಸ್ರಿ. ಒಬ್ಬರಿಗೆ ಒಂದು ಸ್ಟೀಲ್ ಡಬ್ಬಿ," ಎಂದಿದ್ದ. ಡಬ್ಬಿಯ ಆಸೆಗೆ ಬಂಡೆಮ್ಮ ಗಂಡನ ಫೋನು ತಂದು ಕೊಟ್ಟಿದ್ದಳು.

ಅಕ್ಕಿ ಸಿಗದೆ ಬರಿಗೈಲಿ ಬಂದ ದಿನ ಹುಲಗೇಶ ಬಾಯಿ ಬಿಟ್ಟ.

"ಪಗಾರೆಲ್ಲಾ ಹೋತು ಬಂಡಿ. ಗುಲಾಬಿ ರಾಣಿ ಅಂತ ಒಬ್ಬಾಕಿ ಅದಾಳ. ನಾ ಕುಂತ ಕಡೆನ ಬರ್ತಾಳ. ನನ್ನ ಎಲಿ ನೋಡಿದಂಗ ಆಡ್ತಾಳ, ಹಾಳಾದಾಕಿ."

ಬಂಡೆಮ್ಮ ಕೈಯಲ್ಲಿದ್ದ ಸ್ಟೀಲ್ ಡಬ್ಬಿ ಕೆಳಗಿಟ್ಟಳು. ಆಟದಲ್ಲಿ ತನ್ನ ಫೋನಿಗೆ ದತ್ತಾತ್ರೇಯ ಇಟ್ಟ ಹೆಸರು ಅದೇ.

"ಆ ಹಾಳಾದಾಕಿ ನಾನಽ."

ಗಂಡನ ಪಗಾರ ಹೆಂಡತಿಯೇ ಗೆದ್ದಿದ್ದಳು. ಒಲೆ ಮಾತ್ರ ಹೊತ್ತಿರಲಿಲ್ಲ.

ಮರುದಿನ ಪೊಲೀಸ್ ಕಚೇರಿಗೆ ಹೋದಳು. ಅಲ್ಲಿ ಆನಂದಕುಮಾರ ಸಾಹೇಬರು. ಅಪ್ಪ ರಕ್ಷಣಾ ಫ್ಯಾಕ್ಟರಿಯ ನೌಕರಿಗೆಂದು ಗದಗಿನಿಂದ ಇಲ್ಲಿಗೆ ಬಂದವರು, ಹಾಗಾಗಿ ಮಾತು ನಮ್ಮದೇ. ಬಂಡೆಮ್ಮನಿಗೆ ಹೋದ ಜೀವ ಬಂದಂತಾಯಿತು. ಆದರೆ ಅವರು ಕೇಳಿದ್ದೇನು?

"ಪೋಕರ್ ಅಂದ್ರ ಅದೃಷ್ಟದ ಆಟನೋ, ಬುದ್ಧಿ ಆಟನೋ?"

"ನನಗೇನ ಗೊತ್ತರಿ?"

"ಗೊತ್ತಿರಬೇಕು. ಅದೃಷ್ಟ ಅಂದ್ರ ಜೂಜಾತು, ನಿನ್ನನ್ನ ಒಳಗ ಹಾಕಬೇಕಾಗತೈತಿ. ಬುದ್ಧಿ ಅಂದ್ರ ಗೆದ್ದಾಕಿ ನೀನ. ಮತ್ತ ದೂರು ಯಾಕ?"

"ಎರಡೂ ಅಲ್ಲರಿ. ಮೋಸ."

ಸಾಹೇಬರು ಕಂಪ್ಯೂಟರಿನಲ್ಲಿ ಹುಡುಕಿದರು. "ಇಂಥಾ ಮೋಸ ಬರಕೊಳ್ಳಾಕ ಇದರಾಗ ಖಾನೆ ಇಲ್ಲ. ಮ್ಯಾಲ ನೀ ಆಡಿದ್ದು ಇಲ್ಲಲ್ಲ. ಇಲ್ಲಿ ಈ ಆಟ ಬಂದ್ ಐತಿ. ನಿನ್ನ ಫೋನು ಸಿಕ್ಕಿಂದಾಗ ಇತ್ತು. ಅಲ್ಲಿ ಹೋಗಿ ಬರಕೊಡು."

"ಅದು ಯಾವ ತಾಲೂಕರಿ?"

"ಚೀನಾದ ಬಾಜೂಕ."

"ನಾ ನಾಚಾರಂದಾಗ ಕುಂತಿದ್ನಿರಿ!"

"ನೀ ಕುಂತಿದ್ದಿ. ಫೋನು ಕುಂತಿರಲಿಲ್ಲ. ಕಂಪ್ಯೂಟರ್ ಹಂಗ ಹೇಳತೈತಿ."

ಬಂಡೆಮ್ಮನಿಗೆ ಮೈಯೆಲ್ಲ ಉರಿಯಿತು. "ಸಾಹೇಬ್ರ, ಸುಲ್ತಾನ್ ಬಜಾರದಾಗ ಟೊಮ್ಯಾಟೊ ಮಾರೋ ಮುದುಕಿ ತಕ್ಕಡಿಗೂ ಸರಕಾರದ ಮುದ್ರಿ ಬೇಕು. ಇಲ್ಲಂದ್ರ ಕಲ್ಲು ಕಸಗೊಂಡು ಹೋಗ್ತೀರಿ. ಈ ಆಟದ ತಕ್ಕಡಿಗೆ ಮುದ್ರಿ ಹಾಕೋರು ಯಾರರಿ?"

"ಟ್ಯಾಕ್ಸ್ ಅಂತೂ ಸರಿಯಾಗಿ ಹೋಗೈತಿ," ಎಂದರು ಸಾಹೇಬರು. "ಉಳಿದಿದ್ದಕ್ಕ ಕಾಯ್ದೆ ಬರತೈತಿ. ಸಮಿತಿ ಕುಂತೈತಿ."

"ಅದು ಏಳೂತನಕ ನಮ್ಮ ಮಕ್ಕಳು ಏನ ತಿನ್ನಬೇಕ್ರಿ?"

ಸಾಹೇಬರು ಚಾ ತರಿಸಿದರು. ತಮಗೆ.

ಮರುದಿನ ಶೆಡ್ಡಿನಲ್ಲಿ ಬಂಡೆಮ್ಮ ಉಳಿದ ಐವರಿಗೂ ಎಲ್ಲ ಹೇಳಿದಳು. ಪಕ್ಕದ ಫೋನಿನ ಸೂಗಮ್ಮ ತಲೆ ತಗ್ಗಿಸಿದಳು. "ನನ್ನ ಕಾರ್ಡೂ ಬಂದ್ ಆಗೈತೆವ್ವಾ. ಶ್ರೀಮಂತಿ ಆಗೀನಂತ ಯಾರ ಮುಂದ ಹೇಳಲಿ?" ಆಚೆ ಕೂತಿದ್ದ ಗುರುದೇವಿ ಸೆರಗು ಬಿಗಿದಳು. "ನಮ್ಮ ರೆಪ್ಪಿ ನಮ್ಮವು ಹೌದಲ್ಲೋ? ಇವತ್ತ ಬಡಿಯೂದ ಬ್ಯಾಡ."

ಫೋನು ಕೇಳಿತು: "ದಯವಿಟ್ಟು ಕಣ್ಣು ಮಿಟುಕಿಸಿ." ಆರು ಜೋಡಿ ಕಣ್ಣು ಪಿಳುಕಿಸದೆ ನೋಡಿದವು.

ದತ್ತಾತ್ರೇಯ ಓಡಿ ಬಂದ. "ಅಕ್ಕಾ, ಏನಾಗೈತಿ? ಒಂದ್ ಸಲ ಮಿಟುಕಿಸ್ರಿ. ಮಾಲಕರು ರೊಕ್ಕ ತಗೀಬೇಕು, ಖಾತೆ ಲಾಕ್ ಆಗತೈತಿ."

ಆರೂ ಜನ ಕಣ್ಣು ಇನ್ನಷ್ಟು ಅಗಲ ಮಾಡಿದರು.

ಅವನು ಫ್ಯಾನು ಮುಖಕ್ಕೆ ತಿರುಗಿಸಿದ. ಉಳ್ಳಾಗಡ್ಡಿ ತಂದು ಅವರ ಮೂಗಿನ ಕೆಳಗೇ ಹೆಚ್ಚಿದ. ಸಿಮೆಂಟಿನ ಧೂಳಿನಲ್ಲಿ ಕಣ್ಣು ಬಿಟ್ಟು ದುಡಿದವರಿಗೆ ಉಳ್ಳಾಗಡ್ಡಿ ಯಾವ ಲೆಕ್ಕ? ದಳದಳ ನೀರು ಸುರಿಸಿದವ ಅವನೇ. ಕಡೆಗೆ ಬಂಡೆಮ್ಮನ ಫೋನು ಕಿತ್ತುಕೊಂಡು ತನ್ನ ಮುಖಕ್ಕೆ ಹಿಡಿದು ಪಟಪಟ ಕಣ್ಣು ಬಡಿದ.

"ನೀವು ಬಂಡೆಮ್ಮ ಅಲ್ಲ," ಎಂದಿತು ಫೋನು.

"ಕೇಳಿದೇನ ಗುರುದೇವಿ? ಈ ಊರಾಗ ಒಬ್ಬರರ ಖರೆ ಹೇಳಿದ್ರು!" ಬಂಡೆಮ್ಮ ಎದ್ದು ಫೋನು ಕಸಿದುಕೊಂಡಳು. ಆರೂ ಜನ ಎದ್ದರು. ದತ್ತಾತ್ರೇಯ ಬಾಗಿಲಿಗೆ ಅಡ್ಡ ನಿಂತ. ಕಾಂಕ್ರೀಟ್ ಹೊತ್ತ ಭುಜಗಳು ತಾಗಿದವು. ಬಾಗಿಲು ತಾನಾಗಿ ಖಾಲಿಯಾಯಿತು.

ಆರೂ ಹೆಣ್ಣುಮಕ್ಕಳು ಹೋಗಿ ಪೊಲೀಸ್ ಕಚೇರಿಯ ನೆಲದ ಮೇಲೆ ಕೂತರು. ಅಷ್ಟರಲ್ಲಿ ಹುಲಗೇಶನೂ ಟವರಿನ ಆಳುಗಳನ್ನು ಕರೆದುಕೊಂಡು ಬಂದು ಹೊಸ್ತಿಲ ತುಂಬ ನಿಂತ.

"ಮತ್ತ ನೀನಾ?" ಎಂದರು ಆನಂದಕುಮಾರ ಸಾಹೇಬರು. "ಹೇಳಿದೆನಲ್ಲ, ಖಾನೆ ಇಲ್ಲಂತ."

"ಖಾನೆ ಮಾಡ್ರಿ. ಅಲ್ಲೀತನಕ ಏಳಂಗಿಲ್ಲ. ಅಕ್ಕಿ ಬೇಕು, ನಮ್ಮ ಹೆಸರು ನಮಗ ಬೇಕು."

"ನಾ ಏನ ಮಾಡಾಕಾಗತೈತಿ? ಕಂಪ್ಯೂಟರ್ ಏನ ಹೇಳತೈತೋ ಅದನ್ನಷ್ಟ ಮಾಡಾಂವ ನಾ."

ಬಂಡೆಮ್ಮನ ಕೈಯಲ್ಲಿದ್ದ ಫೋನು ಮತ್ತೆ ಬಾಯಿ ತೆರೆಯಿತು: "ನೀವು ಮನುಷ್ಯರೆಂದು ದೃಢಪಡಿಸಿ."

ಬಂಡೆಮ್ಮ ಅದನ್ನು ಮೇಜಿನ ಮೇಲೆ ಸಾಹೇಬರ ಮುಖಕ್ಕೆ ಎದುರಾಗಿ ನಿಲ್ಲಿಸಿದಳು.

"ನಿಮ್ಮನ್ನಽ ಕೇಳಾಕತ್ತೈತಿ, ಸಾಹೇಬ್ರ."