ಬೆನ್ನಿಂದಲೋ ಹೊಟ್ಟೆಯಿಂದಲೋ

ಸೊಂಟದ ಬಳಿ ಬೆನ್ನುಮೂಳೆ ಜರುಗಿದೆ, ಸ್ಕ್ರೂ ಹಾಕಿ ಜೋಡಿಸಬೇಕು ಎಂದು ಹಾಸನದ ಡಾಕ್ಟರು ನನಗೆ ಹೇಳಿ ಹದಿನೆಂಟು ದಿನವಾಗಿತ್ತು. ಬೆನ್ನು ಕುಯ್ದು ಮಾಡಿದರೆ ನರಕ್ಕೆ ಪೆಟ್ಟಾಗಿ ಕಾಲು ಸೋಲಬಹುದು. ಹೊಟ್ಟೆ ಕಡೆಯಿಂದ ಹೋದರೆ ದೊಡ್ಡ ರಕ್ತನಾಳ ಅಡ್ಡ ಇದೆ, ಅದು ಹರಿದರೆ ಜೀವಕ್ಕೇ ಅಪಾಯ. ಎರಡೂ ಅಪರೂಪ, ಬೇಗ ಬನ್ನಿ ಎಂದಿದ್ದರು. ಅಪರೂಪ ಎಂಬುದು ನನ್ನ ತಲೆಯಲ್ಲಿ ನಿಲ್ಲಲೇ ಇಲ್ಲ. ಅಟ್ಟದ ಕಾಯಿ ಒಡೆದು ಕೊಬ್ಬರಿ ಸಾಗಿಸಿ ಹೋದರಾಯಿತು ಎಂದುಕೊಂಡಿದ್ದೆ.

ಬಾಣಾವರದ ಚಿಕ್ಕಣ್ಣನಿಗೆ ಹೊಟ್ಟೆಯಿಂದ ಮಾಡಿದ್ದರು. ಆರು ಬಾಟಲಿ ರಕ್ತ ಕೊಟ್ಟರಂತೆ. ಈಗ ನೆಟ್ಟಗೆ ನಡೆಯುತ್ತಾನೆ. ಜಾವಗಲ್ಲಿನ ಕರಿಬಸವಯ್ಯನಿಗೆ ಬೆನ್ನಿಂದ, ಪಾದ ಎಳೆದುಕೊಂಡು ನಡೆಯುತ್ತಾನೆ. ಅವನನ್ನೂ ಕೇಳೋಣವೆಂದು ಹೆಂಡತಿ ಸುವರ್ಣಮ್ಮನ ಜೊತೆ ಬಸ್ಸಿಳಿದು ಅವನ ಮನೆಗೆ ನಡೆದೆ.

"ಬೆನ್ನು ಮಾತ್ರ ಕುಯ್ಯಿಸ್ಕಬ್ಯಾಡ ಕಣಣ್ಣ. ನನ್ ಕಾಲು ನೋಡು," ಎಂದ ಜಗಲಿಯಿಂದಲೇ.

"ಹೊಟ್ಟೆ ಕುಯ್ದಾಗ ಅಲ್ಲೇ ಹೋಗ್ಬಿಟ್ರೆ?" ಅಂದಳು ಸುವರ್ಣಮ್ಮ.

"ಹೋದ್ರೆ ಒಂದೇ ಸಲ ಹೋಯ್ತಾನೆ ಬಿಡಕ್ಕ. ನನ್ನಂಗೆ ದಿನಾ ಎಳಿಯಂಗಿಲ್ಲ."

ಚಪ್ಪಲಿ ಬಿಡಲು ಕೆಳಗೆ ನೋಡಿದೆ. ಎಡಗಾಲು ಬರಿದಾಗಿತ್ತು. ಚಪ್ಪಲಿ ಎಲ್ಲಿ ಕಳಚಿತೋ. ಜಲ್ಲಿಕಲ್ಲು ಒತ್ತಿದ್ದೂ ತಿಳಿದಿರಲಿಲ್ಲ.

"ಚಪ್ಲಿ ಬೀದೀಲಿ ಬಿಟ್ ಬಂದ್ರಾ? ನಾಳೆ ನನ್ನೂ ಬಿಟ್ ಬತ್ತೀರ," ಎಂದು ಸುವರ್ಣಮ್ಮ ನಕ್ಕಳು.

ಕರಿಬಸವಯ್ಯ ನಗಲಿಲ್ಲ. ಅವನ ಮುಖ ಕಂಡು ನನಗೊಂದು ನೆನಪಾಯಿತು.

"ನಿನ್ ಮಗಳು ಶಿಲ್ಪಾನ ಮದ್ವೇಲಿ ಚಪ್ಪರದ್ ಮುಂದೆ ನಿನ್ ಚಪ್ಲಿ ಹಿಂಗೇ ಕಳಚಿತ್ತು. ಬೀಗರೆಲ್ಲ ನಕ್ಕಿದ್ರು. ಆಪರೇಷನ್ ಆಗಿದ್ದು ಆಮೇಲಲ್ವೇನೋ?"

ಅವನು ಕಾಲನ್ನು ಪಂಚೆಯೊಳಕ್ಕೆ ಎಳೆದುಕೊಂಡ.

"ಆರು ತಿಂಗಳಾದ್ಮೇಲೆ. ಕೊಬ್ಬರಿ ಕೆಲ್ಸ ಮುಗೀಲಿ ಅಂತ ತಡ ಮಾಡ್ದೆ, ಅಷ್ಟೊತ್ಗೆ ಕಾಲು ಸೋತಿತ್ತು. ಬೇಗ ಬಾ ಅಂದಿದ್ರು ಡಾಕ್ಟ್ರು. ನಾನೇ ಕೆಡಿಸ್ಕಂಡೆ ಅಂತ ಊರೋರಿಗೆ ಹೆಂಗ್ ಹೇಳ್ಲಿ?"

ಸುವರ್ಣಮ್ಮ ನಗು ಬಿಟ್ಟು ನನ್ನ ಕಾಲ ಬಳಿ ಕೂತಳು. "ಹೆಬ್ಬೆರಳು ಎತ್ರೀ."

ಎತ್ತಲು ನೋಡಿದೆ. ಅದು ಯಾರದೋ ಬೆರಳಿನಂತೆ ಸುಮ್ಮನಿತ್ತು. ಮತ್ತೆ ಎತ್ತಿದೆ. ಒಂದು ಕಾಳಿನಷ್ಟು ಎದ್ದು ಬಿತ್ತು.

ಆಸ್ಪತ್ರೆಗೆ ಫೋನು ಮಾಡಿದೆ. "ಬೆನ್ನೋ ಹೊಟ್ಟೆಯೋ ನೀವೇ ನೋಡಿ ಹೇಳಿ. ಈಗ್ಲೇ ಬತ್ತೀನಿ," ಎಂದೆ.

ಕರಿಬಸವಯ್ಯ ತನ್ನ ಎಡ ಚಪ್ಪಲಿಯನ್ನು ನನ್ನ ಪಾದಕ್ಕೆ ತೊಡಿಸಿ, ಅದು ಕಳಚದಂತೆ ತಾನು ದಿನಾ ಬಿಗಿಯುವ ದಾರದಿಂದಲೇ ಕಟ್ಟಿದ. ಅವನು ಗಂಟು ಬಿಗಿದದ್ದು ಕಣ್ಣಿಗೆ ಕಂಡಿತು, ಕಾಲಿಗೆ ತಿಳಿಯಲಿಲ್ಲ.